ಹಾಲಿನ ಮಾವನನ್ನು ಹುಡುಕುವ ಹಕ್ಕು

ನಮ್ಮ ಕಂಪನಿಯ ಲಂಡನ್ ಶಾಖೆಯಲ್ಲಿ ಒಬ್ಬ ಸಹೋದ್ಯೋಗಿ ಇದ್ದಾನೆ. ಅವನ ಮುತ್ತಜ್ಜನ ಅಜ್ಜ ಸಾಮರ್‌ಸೆಟ್‌ನಲ್ಲಿ ಹಸು ಸಾಕಿ ಚೀಸ್ ಮಾಡುತ್ತಿದ್ದವನು, ಹತ್ತೊಂಬತ್ತನೇ ಶತಮಾನದಲ್ಲಿ ಹಡಗು ಹತ್ತಿ ಅಮೆರಿಕಕ್ಕೆ ಹೋದನಂತೆ. 1851ರಲ್ಲಿ ನ್ಯೂಯಾರ್ಕ್ ರಾಜ್ಯದ ರೋಮ್ ಎಂಬ ಊರಿನ ಹತ್ತಿರ ಜೆಸ್ಸಿ ವಿಲಿಯಮ್ಸ್ ಎಂಬ ರೈತ ಸುತ್ತಲಿನವರ ಹಾಲನ್ನೆಲ್ಲ ಒಂದೆಡೆ ಸೇರಿಸಿ ಚೀಸ್ ಕಾರ್ಖಾನೆ ನಡೆಸತೊಡಗಿದ್ದ. ಮನೆಯ ಅಡುಗೆಮನೆಯಲ್ಲಿ ಆಗುತ್ತಿದ್ದ ಕೆಲಸ ಉದ್ಯಮವಾಗುತ್ತಿದ್ದ ಕಾಲ ಅದು. ಈ ಪೂರ್ವಜನನ್ನು ನನ್ನ ಸಹೋದ್ಯೋಗಿ ಎರಡು ಸಂಜೆಗಳಲ್ಲಿ, ಕುರ್ಚಿಯಿಂದ ಏಳದೆ ಹುಡುಕಿ ತೆಗೆದ. ಇಂಗ್ಲೆಂಡಿನಲ್ಲಿ 1837ರಿಂದ ಹುಟ್ಟು, ಮದುವೆ, ಸಾವುಗಳ ಸರ್ಕಾರಿ ನೋಂದಣಿ ಇದೆ. 1841ರ ಜನಗಣತಿಯಿಂದ ಮನೆಮನೆಯ ಹೆಸರುಗಳಿವೆ. ನೂರು ವರ್ಷ ಕಳೆದ ಗಣತಿಯನ್ನು ಯಾರು ಬೇಕಾದರೂ ನೋಡಬಹುದು. ಅಮೆರಿಕಕ್ಕೆ ಬರುವ ಹಡಗಿನ ಕಪ್ತಾನ ಪ್ರಯಾಣಿಕರ ಪಟ್ಟಿ ಕೊಡಬೇಕೆಂದು ಅಲ್ಲಿಯ 1819ರ ಕಾನೂನೇ ಹೇಳಿತ್ತು.

ನಾನು ಹುಡುಕಲು ಹೊರಟದ್ದೂ ಹಾಲಿನ ಕೆಲಸಕ್ಕೆ ಊರು ಬಿಟ್ಟ ಒಬ್ಬರನ್ನೇ. ನನ್ನ ಅಜ್ಜಿಯ ಸೋದರಮಾವ. ಮನೆಯಲ್ಲಿ ಅವರಿಗೆ ಹಾಲಿನ ಮಾವ ಎಂದೇ ಹೆಸರು. ಕಾರ್ಕಳದ ಕಡೆಯವರು. ಮೂವತ್ತರ ದಶಕದಲ್ಲಿ ಮಂಗಳೂರಿನಿಂದ ಹಡಗಿನಲ್ಲಿ ಮುಂಬೈಗೆ ಬಂದರು. ಊರಿನ ಎಲ್ಲ ಹುಡುಗರ ಹಾಗೆ ಮೊದಲು ಹೋಟೆಲಿನಲ್ಲಿ ಲೋಟ ತೊಳೆದರು. ಹೋಟೆಲಿಗೆ ಹಾಲು ತರುತ್ತಿದ್ದವರ ಪರಿಚಯವಾಗಿ ಉಪನಗರದ ಒಂದು ಎಮ್ಮೆ ತಬೇಲಕ್ಕೆ ಸೇರಿಕೊಂಡರು. ನಸುಕಿನಲ್ಲಿ ಹಾಲಿನ ಕ್ಯಾನುಗಳನ್ನು ಲೋಕಲ್ ರೈಲಿಗೆ ಏರಿಸುವುದು, ಇಳಿಸುವುದು. ತಿಂಗಳು ತಿಂಗಳು ಮನಿಯಾರ್ಡರ್ ಬರುತ್ತಿತ್ತು. ನನ್ನ ಅಜ್ಜಿಯ ಮದುವೆಗೆ ಬಂಗಾರ ಬಂದದ್ದು ಆ ದುಡ್ಡಿನಿಂದ. ಐವತ್ತರ ದಶಕದ ಮೊದಲಲ್ಲಿ, ಮದುವೆ ಮುಗಿದ ಮರುವರ್ಷ, ಮನಿಯಾರ್ಡರ್ ನಿಂತಿತು. ಆಮೇಲೆ ಸುದ್ದಿ ಇಲ್ಲ.

ಅವರ ಹೆಸರು ಯಾವ ಪುಸ್ತಕದಲ್ಲಿ ಸಿಗಬೇಕು? ಮಂಗಳೂರು ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಮುಂಬೈ ಇನ್ನೊಂದು ಪ್ರಾಂತ್ಯದ ರಾಜಧಾನಿ. ಎರಡೂ ಒಂದೇ ಸರ್ಕಾರದ ಕೆಳಗೆ. ಪಾಸ್‌ಪೋರ್ಟ್ ಬೇಕಿಲ್ಲ, ವಲಸೆ ಅಧಿಕಾರಿಯ ಮುಂದೆ ನಿಲ್ಲಬೇಕಿಲ್ಲ. ದೇಶದ ಗಡಿ ದಾಟಿದವನ ಹೆಸರನ್ನು ಯಾರಾದರೂ ಬರೆದುಕೊಳ್ಳುತ್ತಾರೆ. ದೇಶದೊಳಗೇ ಅಲೆದವನು ಬರೀ ಒಂದು ಟಿಕೆಟ್. ನಮ್ಮ ಜನಗಣತಿಯ ಹಾಳೆಗಳನ್ನು 1948ರ ಕಾಯ್ದೆಯ ಪ್ರಕಾರ ಹೊರಗಿನವರು ನೋಡುವಂತಿಲ್ಲ. ಹುಟ್ಟು ಸಾವುಗಳಿಗೆ ದೇಶಕ್ಕೆಲ್ಲ ಒಂದೇ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ಮುಂಬೈ ನಗರದ ಮರಣ ದಾಖಲೆಯಲ್ಲಿ ಹುಡುಕೋಣ ಎಂದರೆ ಸತ್ತ ವರ್ಷ ಹೇಳಬೇಕು. ನಮಗೆ ಬೇಕಾದದ್ದೇ ಅದು.

ಹಾಲಿನ ಉದ್ಯಮ ದಾಖಲೆ ಇಡುವುದರಲ್ಲಿ ಹಿಂದೆ ಬಿದ್ದದ್ದಲ್ಲ. ಶಾರ್ಟ್‌ಹಾರ್ನ್ ದನಗಳ ವಂಶಾವಳಿಯನ್ನು ಜಾರ್ಜ್ ಕೋಟ್ಸ್ ಎಂಬವನು 1822ರಲ್ಲೇ ಪುಸ್ತಕವಾಗಿ ಅಚ್ಚು ಹಾಕಿಸಿದ. ಯಾವ ಹೋರಿ, ಯಾವ ಹಸು, ಯಾರ ಕರು, ಎಲ್ಲ ಅದರಲ್ಲಿದೆ. ಮನುಷ್ಯರ ಹುಟ್ಟನ್ನು ಇಂಗ್ಲೆಂಡಿನ ಸರ್ಕಾರ ನೋಂದಾಯಿಸತೊಡಗಿದ್ದು ಅದಾಗಿ 15 ವರ್ಷಕ್ಕೆ. ನಮ್ಮಲ್ಲೂ ಮೈಸೂರಿನ ಅರಸರ ದನಗಳಿಗೆ ಬೆಣ್ಣೆ ಚಾವಡಿ ಎಂಬ ಇಲಾಖೆಯೇ ಇತ್ತು, ಟಿಪ್ಪುವಿನ ಕಾಲಕ್ಕೆ ಅದು ಅಮೃತಮಹಲ್ ಆಯಿತು. ತಳಿಗೆ ಬೆಲೆ ಇತ್ತು, ಆದ್ದರಿಂದ ಲೆಕ್ಕ ಇತ್ತು. ಮುಂಬೈಯಲ್ಲೂ ಹೆಸರುಗಳು ಉಳಿದಿವೆ. ನಗರದೊಳಗಿನ ತಬೇಲಗಳ ಎಮ್ಮೆಗಳನ್ನು ಹೊರಗೆ ಸಾಗಿಸಲು ಗೋರೆಗಾಂವ್ ಹತ್ತಿರ 1949ರಲ್ಲಿ ಆರೆ ಮಿಲ್ಕ್ ಕಾಲನಿ ಶುರುವಾಯಿತು. ಸುಮಾರು 16,000 ಜಾನುವಾರುಗಳಿಗೆ ಜಾಗ. ಅದನ್ನು ಕಟ್ಟಿದ ದಾರಾ ಖುರೋಡಿ ಅವರು 1963ರಲ್ಲಿ ವರ್ಗೀಸ್ ಕುರಿಯನ್, ತ್ರಿಭುವನ್‌ದಾಸ್ ಪಟೇಲ್ ಅವರೊಂದಿಗೆ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. ಸಲ್ಲಬೇಕಾದ ಗೌರವವೇ. ಕ್ಯಾನು ಹೊತ್ತವರ ಪಟ್ಟಿ ಮಾತ್ರ ನನಗೆಲ್ಲೂ ಸಿಗಲಿಲ್ಲ. ಕಾಲನಿ ಬರುವ ಮೊದಲೇ ಆ ಕಾಡಿನ ಪಾಡಾಗಳಲ್ಲಿದ್ದ ವಾರ್ಲಿಗಳು ತಾವು ಅಲ್ಲಿಯವರೆಂದು ತೋರಿಸಲು ಇವತ್ತಿಗೂ ಕಾಗದ ಹುಡುಕುತ್ತಿದ್ದಾರೆ. ದಾಖಲೆ ಇಲ್ಲದಿರುವುದು ಬರೀ ಭಾವುಕತೆಯ ವಿಷಯವಲ್ಲ ಎಂದು ಅವರನ್ನು ನೋಡಿದರೆ ಗೊತ್ತಾಗುತ್ತದೆ.

ವಂಶವೃಕ್ಷ ಬರೆಯುವ ಆ್ಯಪ್‌ಗಳಿಗೆ ಹಾಲಿನ ಮಾವ ನನಗೆ ಯಾರು ಎಂಬುದೇ ಸರಿಯಾಗಿ ಅರ್ಥವಾಗುವುದಿಲ್ಲ. ಅವು ಅಪ್ಪ, ಅಪ್ಪನ ಅಪ್ಪ ಎಂದು ಮೇಲೇರುತ್ತವೆ, ಮಾವನನ್ನು ಪಕ್ಕದ ಕೊಂಬೆಯಲ್ಲಿ ಕೂರಿಸುತ್ತವೆ. ನಮ್ಮದು ಅಳಿಯಸಂತಾನದ ಮನೆ. ಬಳಿ ಬರುವುದು ತಾಯಿಯಿಂದ. ಹಳೆಯ ಕಟ್ಟಿನಲ್ಲಿ ಗಂಡಸಿನ ದುಡಿಮೆ ಅಕ್ಕತಂಗಿಯರ ಮಕ್ಕಳಿಗೆ, ಅವನ ಸ್ವಂತ ಮಕ್ಕಳು ಹೆಂಡತಿಯ ಮನೆಯವರು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಪಾಲಿಗೆ ದಾರಿ ಮಾಡಿತು, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಉಳಿದದ್ದನ್ನೂ ಬದಲಿಸಿತು. ಆದರೆ ಮಾವ ಊರು ಬಿಟ್ಟದ್ದು ಹಳೆಯ ಕಟ್ಟಿನ ಕಾಲದಲ್ಲಿ. ಆ ಲೆಕ್ಕಕ್ಕೆ ಅವರು ನನ್ನ ನೇರ ಹಿರಿಯರು. ಅವರ ದುಡ್ಡು ನನ್ನ ಅಜ್ಜಿಗೆ ಬಂದದ್ದು ಔದಾರ್ಯದಿಂದಲ್ಲ, ಅದು ನಮ್ಮ ಹಕ್ಕೆಂದೇ ಮನೆಯಲ್ಲಿ ತಿಳಿದಿದ್ದರು.

ಹಾಗಾದರೆ ಅವರ ಮಗಳಿಗೆ ಏನು ಬಂತು? ಅವರಿಗೊಬ್ಬಳು ಮಗಳಿದ್ದಾಳೆ. ಈಗ ಎಂಬತ್ತೈದರ ಹತ್ತಿರ. ನಾನು ಕಾರ್ಕಳದ ಅಜ್ಜಿ ಎನ್ನುತ್ತೇನೆ. ಅಪ್ಪ ಒಮ್ಮೆ ಊರಿಗೆ ಬಂದಾಗ ಎತ್ತಿಕೊಂಡದ್ದು ಮಾತ್ರ ಆಕೆಗೆ ನೆನಪು. ಆಕೆಯ ತಾಯಿಗೆ ಬೇರೆ ಮದುವೆಯಾಗಲು ಕಟ್ಟಿನ ಅಡ್ಡಿ ಇರಲಿಲ್ಲ. ಆದರೂ ಕಾದರು. ಕಾಯುತ್ತಲೇ ಹೋದರು. ನಾನು ಮುಂಬೈಯಲ್ಲಿ ಕೆಲಸಕ್ಕೆ ಸೇರಿದ್ದೇನೆ ಎಂದು ಗೊತ್ತಾದಾಗ ಕಾರ್ಕಳದ ಅಜ್ಜಿ ಕೇಳಿದ್ದು ಒಂದೇ: "ಸಿಕ್ಕಿದರೆ ವಿಚಾರಿಸು ಮಗಾ. ಅಪ್ಪ ಯಾವ ದಿನ ಹೋದರು ಅಂತ. ಹಿರಿಯರಿಗೆ ಬಡಿಸುವಾಗ ಅವರಿಗೆ ಎಲೆ ಹಾಕುವುದೋ ಬೇಡವೋ ಗೊತ್ತಾಗುವುದಿಲ್ಲ."

ಮುಂಬೈಯ ನಮ್ಮವರ ಹಿರಿಯರೊಬ್ಬರ ಮೂಲಕ, ಬಹಳ ತಡವಾಗಿ, ಒಂದು ಸುಳಿವು ಸಿಕ್ಕಿತು. ಮಾವ ತಬೇಲದಲ್ಲಿ ದುಡಿಯುತ್ತಿದ್ದ ಒಬ್ಬ ಹೆಂಗಸಿನ ಜೊತೆ ಜೋಗೇಶ್ವರಿಯಲ್ಲಿ ಸಂಸಾರ ಹೂಡಿದ್ದರು. ಮಗ ಇದ್ದಾರೆ, ಎಪ್ಪತ್ತು ದಾಟಿದವರು. ವಿಳಾಸವೂ ಇದೆ. ನಮ್ಮ ಕುಟುಂಬದ ವಾಟ್ಸ್ಯಾಪ್ ಗುಂಪಿನಲ್ಲಿ ನ್ಯೂಜೆರ್ಸಿಯ ಅಣ್ಣ ಉತ್ಸಾಹದಿಂದ ಬರೆದ: ಹೋಗಿ ಫೋಟೋ ತೆಗಿ, ಡಿಎನ್‌ಎ ಕಿಟ್ ನಾನು ಕಳಿಸುತ್ತೇನೆ, ಮರ ಪೂರ್ತಿಯಾಗುತ್ತದೆ.

ನಾನಿರುವ ಕಾಂದಿವಲಿಯಿಂದ ಜೋಗೇಶ್ವರಿ ನಾಲ್ಕೇ ಸ್ಟೇಶನ್. ಹೋಗಲು ಏನು ಅಡ್ಡಿ? ಇಲ್ಲಿಂದಲೇ ಪ್ರಶ್ನೆ ಶುರುವಾದದ್ದು.

ಮೊದಲನೆಯದಾಗಿ, ಮಾವ ಸಿಗಬಾರದೆಂದೇ ಬದುಕಿದವರು. ಊರಿನಲ್ಲಿ ಯಜಮಾನನ ಮಾತು, ಜಾತಿ, ಸಾಲ, ಯಾರ ಮಗ ಯಾರ ಅಳಿಯ ಎಂಬ ವಿಚಾರಣೆ. ಮುಂಬೈ ಇದನ್ನೆಲ್ಲ ಕೇಳದ ಊರು. ಬಾಡಿಗೆ ಕೊಟ್ಟರೆ ಸಾಕು, ಪಕ್ಕದ ಕೋಣೆಯವರಿಗೆ ನಮ್ಮ ಮನೆತನ ಬೇಕಿಲ್ಲ. ವಲಸೆ ಬಂದ ನಮ್ಮಲ್ಲಿ ಈ ಬಿಡುಗಡೆಯ ರುಚಿ ಗೊತ್ತಿಲ್ಲದವರು ಯಾರು? ನಾವೂ ಊರಿಗೆ ಹೇಳದ ಎಷ್ಟೋ ಸಂಗತಿಗಳನ್ನು ಇಲ್ಲಿ ಬದುಕುತ್ತಿದ್ದೇವೆ. ಸತ್ತವನಿಗೆ ಆ ಬಿಡುಗಡೆಯನ್ನು ಕೊಡದೆ ನಮಗೆ ಮಾತ್ರ ಉಳಿಸಿಕೊಳ್ಳುವುದು ನ್ಯಾಯವಲ್ಲ.

ಆದರೆ ಆ ಬಿಡುಗಡೆಯ ಖರ್ಚನ್ನು ಕೊಟ್ಟವರು ಬೇರೆ. ಕಾರ್ಕಳದಲ್ಲಿ ಒಬ್ಬ ಹೆಂಗಸು ಕೊಟ್ಟರು, ಆಮೇಲೆ ಅವರ ಮಗಳು. ಊರು ಬಿಡುವ, ಬೇರೆ ಸಂಸಾರ ಕಟ್ಟುವ ಸ್ವಾತಂತ್ರ್ಯ ಮಾವನಿಗೆ ಇತ್ತು ಎಂದೇ ಇಟ್ಟುಕೊಳ್ಳೋಣ. ಕಾಯುವುದನ್ನು ನಿಲ್ಲಿಸಬಹುದೆಂದು ಹೇಳದೇ ಇರುವ ಸ್ವಾತಂತ್ರ್ಯ ಅದರಲ್ಲಿ ಸೇರುತ್ತದೆಯೇ? ಸೇರುವುದಿಲ್ಲ ಎಂದು ನನಗನಿಸುತ್ತದೆ. ಒಂದು ಕಾರ್ಡು ಬರೆದು ಹಾಕಿದ್ದರೆ ಮುಗಿಯುತ್ತಿತ್ತು. ಅವರು ಬರೆಯದ ಕಾರ್ಡು ಈಗಲೂ ಬಾಕಿ ಇದೆ. ಅವರ ದುಡ್ಡಿನಲ್ಲಿ ಬೆಳೆದ ಮನೆಯವನಾದ ನನ್ನ ಮೇಲೆ ಆ ಬಾಕಿ ಬಂದಿದೆ. ಬಂಗಾರ ನಮಗೆ ಬಂದಿದ್ದರೆ ಸಾಲವೂ ನಮ್ಮದೇ.

ಇನ್ನು ಜೋಗೇಶ್ವರಿಯ ಮಗ. ಅವರೇನು ತಪ್ಪು ಮಾಡಿದ್ದಾರೆ? ತಂದೆಗೆ ಊರಿನಲ್ಲಿ ಇನ್ನೊಂದು ಸಂಸಾರ ಇತ್ತೆಂದು ಅವರಿಗೆ ಗೊತ್ತಿರಬಹುದು, ಗೊತ್ತಿಲ್ಲದಿರಬಹುದು. ನಾನು ಬಾಗಿಲು ತಟ್ಟಿದ ಗಳಿಗೆಯಲ್ಲಿ ಅವರ ತಾಯಿ ಎರಡನೆಯವಳಾಗುತ್ತಾಳೆ. ಅದಲ್ಲದೆ ಇದು ಮುಂಬೈ. ಹಳೆಯ ಚಾಳುಗಳು ರೀಡೆವಲಪ್‌ಮೆಂಟ್‌ಗೆ ಹೋಗುತ್ತಿರುವ ಕಾಲದಲ್ಲಿ, ಇದ್ದಕ್ಕಿದ್ದಂತೆ ಹುಟ್ಟಿಕೊಂಡ ನೆಂಟನೆಂದರೆ ಖೋಲಿಯಲ್ಲಿ ಪಾಲು ಕೇಳಲು ಬಂದವನೆಂದೇ ಅರ್ಥ. ನನ್ನ ಕುತೂಹಲಕ್ಕಾಗಿ ಅವರ ನಿದ್ದೆ ಕೆಡಿಸುವ ಅಧಿಕಾರ ನನಗೆ ಯಾರೂ ಕೊಟ್ಟಿಲ್ಲ.

ಹೀಗೆ ಮೂವರನ್ನೂ ಎದುರಿಗೆ ಕೂರಿಸಿಕೊಂಡು ಯೋಚಿಸಿದಾಗ ಒಂದು ಅಳತೆ ಸಿಕ್ಕಿತು. ಪೂರ್ವಜರನ್ನು ಹುಡುಕುವ ಹಕ್ಕು ರಕ್ತದಿಂದ ಬರುವುದಿಲ್ಲ. ಯಾರಿಗೆ ನಷ್ಟವಾಗಿದೆಯೋ ಅವರ ಅಗತ್ಯ ಎಷ್ಟೋ, ಹುಡುಕುವವನ ಹಕ್ಕು ಅಷ್ಟೇ. ನನ್ನ ಸಹೋದ್ಯೋಗಿಯ ಪೂರ್ವಜ ಸತ್ತು ನೂರು ವರ್ಷದ ಮೇಲಾಯಿತು, ಅವನಿಗಾಗಿ ಕಾದವರೂ ಇಲ್ಲ, ಹೆದರುವವರೂ ಇಲ್ಲ. ಅವನನ್ನು ಎಷ್ಟು ಬೇಕಾದರೂ ಹುಡುಕಬಹುದು. ನನ್ನ ವಿಷಯದಲ್ಲಿ ಕಾದವರೂ ಬದುಕಿದ್ದಾರೆ, ಹೆದರಬಹುದಾದವರೂ ಬದುಕಿದ್ದಾರೆ. ಕಾರ್ಕಳದ ಅಜ್ಜಿಗೆ ಬೇಕಾದದ್ದು ಒಂದು ದಿನಾಂಕ. ಫೋಟೋ ಬೇಡ, ಡಿಎನ್‌ಎ ಬೇಡ, ಮರ ಪೂರ್ತಿಯಾಗುವುದು ಬೇಡ. ಹಾಗಾದರೆ ನಾನು ಕೇಳಬಹುದಾದದ್ದೂ ಅಷ್ಟೇ.

ಆ ಹಿರಿಯರ ಕೈಯಲ್ಲಿ ಒಂದು ಕಾಗದ ಕೊಟ್ಟು ಕಳಿಸಿದೆ. ನಿಮ್ಮ ತಂದೆಯವರು ನಮ್ಮ ಮನೆಯ ಹಿರಿಯರು, ಅವರ ದುಡಿಮೆಯಿಂದ ನಮಗೆ ಉಪಕಾರವಾಗಿದೆ, ಹಿರಿಯರಿಗೆ ಬಡಿಸುವಾಗ ಅವರನ್ನೂ ನೆನೆಯಬೇಕೆಂದಿದ್ದೇವೆ, ತೀರಿಕೊಂಡ ದಿನ ತಿಳಿಸಿದರೆ ಸಾಕು, ಮನೆ ಆಸ್ತಿಯ ಯಾವ ಮಾತೂ ಇಲ್ಲ, ಉತ್ತರಿಸಲು ಮನಸ್ಸಿಲ್ಲದಿದ್ದರೂ ನಮಗೆ ಬೇಸರವಿಲ್ಲ. ಕೆಳಗೆ ನನ್ನ ಫೋನ್ ನಂಬರ್. ಮೂರು ವಾರದ ಮೇಲೆ ಹಿರಿಯರ ಮೂಲಕವೇ ಒಂದು ಚೀಟಿ ಬಂತು. ಅದರಲ್ಲಿ ದಿನ, ತಿಂಗಳು, ವರ್ಷ. ಬೇರೇನೂ ಇಲ್ಲ. ಅವರ ಮೌನವೂ ಅವರ ಹಕ್ಕು ಎಂದುಕೊಂಡೆ. ವಾಟ್ಸ್ಯಾಪ್ ಗುಂಪಿಗೆ ದಿನಾಂಕವನ್ನಷ್ಟೇ ಹಾಕಿದೆ. ಅಣ್ಣನಿಗೆ ಸಮಾಧಾನವಾಗಲಿಲ್ಲ.

ಕಾರ್ಕಳಕ್ಕೆ ಫೋನ್ ಮಾಡಿ ಹೇಳಿದಾಗ ಅಜ್ಜಿ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ದಿನಾಂಕವನ್ನು ಎರಡು ಸಲ ಹೇಳಿಸಿಕೊಂಡರು. ಆಮೇಲೆ ಕೇಳಿದರು: "ಅಪ್ಪನಿಗೆ ತಿನ್ನಲಿಕ್ಕೆ ಏನು ಇಷ್ಟ ಇತ್ತು ಅಂತ ಕೇಳಿದೆಯಾ ಮಗಾ? ಎಲೆಗೆ ಏನು ಬಡಿಸುವುದು?"

ಹಾಲು ಇಡಬಹುದಲ್ಲ ಅಜ್ಜಿ, ಎಂದೆ.

"ಹಾಲು ಬೇಡ. ಇಡೀ ಜನ್ಮ ಅದನ್ನೇ ಹೊತ್ತದ್ದಲ್ಲವಾ."

ಇದು ನನ್ನ ಅಳತೆಯೊಳಗೆ ಬರುತ್ತದೆಯೇ? ಅಗತ್ಯಕ್ಕೂ ಕುತೂಹಲಕ್ಕೂ ನಡುವೆ ನಾನು ಎಳೆದ ಗೆರೆ ಕಾಗದದ ಮೇಲೆ ಸರಿಯಾಗಿಯೇ ಇತ್ತು. ಎಂಬತ್ತೈದು ವರ್ಷದ ಮಗಳಿಗೆ ಅಪ್ಪನ ಇಷ್ಟದ ಅಡುಗೆ ಗೊತ್ತಿಲ್ಲದಿರುವುದು ಗೆರೆಯ ಯಾವ ಕಡೆ? ಎರಡು ದಿನ ಯೋಚಿಸಿದೆ. ಇದನ್ನು ಬಲ್ಲವರು ಲೋಕದಲ್ಲಿ ಈಗ ಒಬ್ಬರೇ ಇರುವುದು, ಅವರ ಜೊತೆ ಕೂತು ಉಂಡ ಮಗ. ಅವರಿಗೂ ಇದು ಹೆದರಿಸುವ ಪ್ರಶ್ನೆ ಆಗಲಾರದು. ಇನ್ನೊಂದು ಕಾಗದ ಬರೆದು, ಆ ಒಂದೇ ಪ್ರಶ್ನೆ ಹಾಕಿ, ಹಿರಿಯರ ಕೈಗೆ ಕೊಟ್ಟು ಬಂದಿದ್ದೇನೆ.