ಛಾಯಾಗ್ರಹಣದ ಋಣ

ಒಬ್ಬನ ರೂಪವನ್ನು ಚಿತ್ರವಾಗಿ ತೆಗೆದುಕೊಳ್ಳುವ ಅಧಿಕಾರವು ಮತ್ತೊಬ್ಬನಿಗೆ ಎಲ್ಲಿಂದ ಬರುತ್ತದೆ? ಕೈಗೊಂದು ಯಂತ್ರವಿರುವ ಈ ಕಾಲದಲ್ಲಿ ಇದು ವಿಚಾರಾರ್ಹವಾದ ಪ್ರಶ್ನೆ. ‘ಛಾಯಾಗ್ರಹಣ’ವೆಂಬ ಶಬ್ದದಲ್ಲಿಯೇ ‘ಗ್ರಹಣ’ವಿದೆ, ಎಂದರೆ ತೆಗೆದುಕೊಳ್ಳುವಿಕೆ. ಕೊಡದಿರುವುದನ್ನು ತೆಗೆದುಕೊಂಡರೆ ಜೈನಶಾಸ್ತ್ರವು ಅದನ್ನು ಅದತ್ತಾದಾನವೆಂದು ಕರೆದು ಚೌರ್ಯದಲ್ಲಿ ಎಣಿಸುತ್ತದೆ. ಕೊಟ್ಟದ್ದನ್ನು ತೆಗೆದುಕೊಂಡರೆ ಅದು ಪ್ರತಿಗ್ರಹ. ಅದಾದರೂ ಪಡೆದವನ ಮೇಲೆ ಹೊಣೆಯನ್ನು ಹೊರಿಸದೆ ಬಿಡುವುದಿಲ್ಲ.

ಈ ವಿಚಾರಕ್ಕೆ ಟಿ. ಎಸ್. ಸತ್ಯನ್ ಅವರ ಜೀವಿತವು ಉತ್ತಮವಾದ ದೃಷ್ಟಾಂತ. 1923ರಲ್ಲಿ ಮೈಸೂರಿನಲ್ಲಿ ಜನಿಸಿದ ಇವರು, 1948ರಲ್ಲಿ ಆರಂಭವಾದ ‘ಡೆಕ್ಕನ್ ಹೆರಾಲ್ಡ್’ ಪತ್ರಿಕೆಯಲ್ಲಿ ಕೆಲಸಮಾಡಿ, ಮುಂದೆ ಸ್ವತಂತ್ರವೃತ್ತಿಯನ್ನು ಹಿಡಿದರು. ಅಮೇರಿಕದ ‘ಲೈಫ್’ ಪತ್ರಿಕೆಯು ಇವರ ಚಿತ್ರಗಳನ್ನು ಪ್ರಕಟಿಸಿತು. 1977ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಬಂದಿತು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ, ಇವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರದಲ್ಲಿ ಪ್ರದರ್ಶಿತವಾದುವು. 2009ರಲ್ಲಿ ಮೈಸೂರಿನಲ್ಲಿಯೇ ಕಾಲವಾದರು. ಗಣ್ಯರ ಚಿತ್ರಗಳನ್ನು ತೆಗೆದರೂ ಇವರ ಕೀರ್ತಿಯು ನಿಂತಿರುವುದು ಸಾಮಾನ್ಯ ಜನರ ಮುಖಗಳ ಮೇಲೆ.

ದೀನರ ಚಿತ್ರವನ್ನು ತೆಗೆಯದಿರುವುದೇ ಲೇಸಲ್ಲವೆ ಎಂದು ಕೆಲವರು ಕೇಳಬಹುದು. ಸಿಡುಬಿನ ನಿರ್ಮೂಲನದ ಕಾಲದಲ್ಲಿ ಕಾರ್ಯಕರ್ತರು ರೋಗಪೀಡಿತ ಶಿಶುವಿನ ಚಿತ್ರಪಟವನ್ನು ಹಿಡಿದು, ‘ಇಂಥ ರೋಗಿಗಳಿದ್ದಾರೆಯೆ?’ ಎಂದು ಮನೆಮನೆಯಲ್ಲಿ ವಿಚಾರಿಸುತ್ತಿದ್ದರು. ಆ ಕಾರ್ಯವನ್ನು ಸತ್ಯನ್ ಅವರೂ ವಿಶ್ವ ಆರೋಗ್ಯ ಸಂಸ್ಥೆಗಾಗಿ ಚಿತ್ರಿಸಿದರು. 1975ರ ಮೇ ತಿಂಗಳಿನ ಅನಂತರ ಭಾರತದಲ್ಲಿ ಆ ರೋಗವು ಕಾಣಲಿಲ್ಲ. ಒಂದು ಶಿಶುವಿನ ನೋವಿನ ಚಿತ್ರವು ಸಾವಿರ ಶಿಶುಗಳಿಗೆ ರಕ್ಷೆಯಾದುದನ್ನು ಅಲ್ಲಗಳೆಯುವಂತಿಲ್ಲ.

ಆದರೆ ಫಲವೊಂದರಿಂದಲೇ ಕ್ರಿಯೆಯು ಶುದ್ಧವಾಗದು. ನಮ್ಮ ಕಾರ್ಕಳದ ಗುಡ್ಡದ ಮೇಲೆ, 1432ರಲ್ಲಿ ವೀರಪಾಂಡ್ಯನು ನಿಲ್ಲಿಸಿದ 42 ಅಡಿಯ ಬಾಹುಬಲಿಯು ದಿಗಂಬರನಾಗಿ ನಿಂತಿದ್ದಾನೆ. ಬಂದವರೆಲ್ಲರೂ ಆತನ ಚಿತ್ರವನ್ನು ತೆಗೆಯುತ್ತಾರೆ, ಆತನಿಗೆ ಕುಂದಿಲ್ಲ. ಆ ನಗ್ನತೆಯು ತಾನಾಗಿ ತ್ಯಜಿಸಿದವನದು. ಬೀದಿಯ ಬಡ ಮಗುವಿನ ನಗ್ನತೆಯಾದರೋ ಕೊಡದವರ ದೋಷದಿಂದ ಬಂದುದು. ಯಂತ್ರದ ಕಣ್ಣಿಗೆ ಎರಡೂ ಒಂದೇ. ಆ ಭೇದವನ್ನು ಅರಿಯಬೇಕಾದವನು ಯಂತ್ರದ ಹಿಂದಿರುವ ಮನುಷ್ಯನು.

ಆದುದರಿಂದ ಚಿತ್ರದ ಯೋಗ್ಯತೆಗೆ ಪರೀಕ್ಷಕನು ಅದನ್ನು ನೋಡುವ ರಸಿಕನಲ್ಲ, ಅದರೊಳಗಿರುವ ವ್ಯಕ್ತಿ. ಆತನು ತನ್ನ ಚಿತ್ರವನ್ನು ತಲೆತಗ್ಗಿಸದೆ ನೋಡಬಲ್ಲನಾದರೆ ತೆಗೆದವನ ಋಣವು ಅರ್ಧ ತೀರಿತು. ಅದರಿಂದ ಆತನಂಥವರಿಗೆ ಹಿತವಾದರೆ ಉಳಿದರ್ಧವೂ ತೀರಿತು. ಸತ್ಯನ್ ಅವರ ಚಿತ್ರಗಳಲ್ಲಿ ಬಡವನು ಬಡವನಾಗಿದ್ದರೂ ಕುಗ್ಗಿದವನಾಗಿ ಕಾಣುವುದಿಲ್ಲ. ಅವರು ಬಿಟ್ಟುಹೋದ ಆಸ್ತಿಯು ಇದೇ.

ಇಂದು ಒಂದು ಮೂಟೆ ಅಕ್ಕಿಯನ್ನು ಕೊಡುವಾಗಲೂ ದಾನಿಗಳು ಸಾಲಾಗಿ ನಿಂತು ಪಟ ತೆಗೆಸಿಕೊಳ್ಳುತ್ತಾರೆ. ಅಕ್ಕಿಯನ್ನು ಪಡೆದವನು ಅದಕ್ಕೆ ತನ್ನ ಮುಖವನ್ನು ಬೆಲೆಯಾಗಿ ತೆರುತ್ತಾನೆ. ಅಲ್ಲಿ ದಾನಿಯಾರು, ಪ್ರತಿಗ್ರಾಹಿಯಾರು ಎಂಬುದನ್ನು ವಾಚಕರೇ ವಿಚಾರಿಸಬೇಕು.