ಮಾಲೆ ಹಾಕುವ ಕೈ: ಅಯ್ಯಪ್ಪ ವ್ರತಧಾರಿಗಳಲ್ಲಿ ಗುರುಸ್ವಾಮಿಯ ಉತ್ತರಾಧಿಕಾರ

ಶಿವಮೊಗ್ಗ ಮತ್ತು ಭದ್ರಾವತಿಯ ಬೀದಿಗಳಲ್ಲಿ ನವೆಂಬರ್ ಮಧ್ಯದಿಂದ ಜನವರಿ ನಡುವಿನ ಮಕರಜ್ಯೋತಿಯವರೆಗೆ ಕಪ್ಪು ಬಟ್ಟೆಯ ಅಯ್ಯಪ್ಪ ಮಾಲಾಧಾರಿಗಳು ಕಾಣುತ್ತಾರೆ. ವೃಶ್ಚಿಕ ಮಾಸ ಹುಟ್ಟಿದಾಗ ಮಾಲೆ ಹಾಕಿ, 41 ದಿನ ವ್ರತ ಹಿಡಿದು, ಎರಡು ಗಂಟಿನ ಇರುಮುಡಿ ಹೊತ್ತು ಕೇರಳದ ಪತ್ತನಂತಿಟ್ಟ ಜಿಲ್ಲೆಯ ಶಬರಿಮಲೆಗೆ ಹೋಗಿಬರುವುದು ಪೂರ್ಣ ಕ್ರಮ. ಅಷ್ಟು ದಿನ ಆಗದವರು ಕಡಿಮೆ ದಿನದ ವ್ರತಕ್ಕೆ ಇಳಿಯುವುದೂ ಈಗ ಸಾಮಾನ್ಯ. ಸಂಸಾರ, ಕೆಲಸ ಎರಡನ್ನೂ ಬಿಡದೆ ಗಂಡಸರು ಒಂದು ಮಂಡಲ ಕಾಲ ಸನ್ಯಾಸಿಗಳಂತೆ ಬದುಕುವ ಈ ತಂಡಗಳಿಗೆ ಮಠವಿಲ್ಲ, ಪೀಠವಿಲ್ಲ. ಇರುವುದು ಒಬ್ಬರು ಗುರುಸ್ವಾಮಿ. ಅವರಿಗೆ ವಯಸ್ಸಾದಾಗ ಅಥವಾ ಅವರು ತೀರಿಕೊಂಡಾಗ ಮುಂದೆ ಮಾಲೆ ಹಾಕುವವರು ಯಾರು ಎಂಬ ಮಾತು ಏಳುತ್ತದೆ. ಗುರುತನ ಎಲ್ಲಿಂದ ಬರುತ್ತದೆ ಎಂಬ ಹಳೆಯ ಧಾರ್ಮಿಕ ಪ್ರಶ್ನೆ ಅದರೊಳಗೇ ಇದೆ.

ಭದ್ರಾವತಿ ಇಂಥ ತಂಡಗಳಿಗೆ ಹೇಳಿ ಮಾಡಿಸಿದ ಊರು. 1923ರಲ್ಲಿ ಉತ್ಪಾದನೆ ಆರಂಭಿಸಿದ ಮೈಸೂರು ಕಬ್ಬಿಣದ ಕಾರ್ಖಾನೆ, ಆಮೇಲೆ ಬಂದ ಕಾಗದ ಕಾರ್ಖಾನೆ ಇವೆರಡೂ ತಮಿಳು, ಮಲಯಾಳಂ, ತೆಲುಗು ಮಾತಾಡುವ ಕುಟುಂಬಗಳನ್ನು ಕನ್ನಡಿಗರ ಪಕ್ಕದ ಮನೆಗೆ ತಂದವು. ಕರ್ನಾಟಕದಲ್ಲಿ ವ್ರತ ಮನೆಮಾತಾಗುವುದಕ್ಕೆ ಸಿನಿಮಾದ ಪಾಲೂ ದೊಡ್ಡದು: 1975ರ ಮಲಯಾಳಂ ‘ಸ್ವಾಮಿ ಅಯ್ಯಪ್ಪನ್’, 1990ರ ಕನ್ನಡದ ‘ಶಬರಿಮಲೆ ಸ್ವಾಮಿ ಅಯ್ಯಪ್ಪ’, ಜೊತೆಗೆ ಸ್ವತಃ ಮಾಲೆ ಹಾಕುತ್ತಿದ್ದ ಡಾ. ರಾಜಕುಮಾರ್.

ಮಾಲೆ ಬಿದ್ದ ಕ್ಷಣದಿಂದ ಎಲ್ಲರೂ ‘ಸ್ವಾಮಿ’. ಮೇಲಧಿಕಾರಿಯೂ ಸ್ವಾಮಿ, ಅವನ ಕೈಕೆಳಗಿನವನೂ ಸ್ವಾಮಿ. ಎರಡು ಹೊತ್ತು ತಣ್ಣೀರು ಸ್ನಾನ, ಬರಿಗಾಲು, ಸಸ್ಯಾಹಾರ, ಬ್ರಹ್ಮಚರ್ಯ ಎಲ್ಲರಿಗೂ ಒಂದೇ. ಶಬರಿಮಲೆಯ ಗುಡಿಯ ಮುಂದೆ ಬರೆದಿರುವುದು ಛಾಂದೋಗ್ಯ ಉಪನಿಷತ್ತಿನ ‘ತತ್ತ್ವಮಸಿ’. ಹುಡುಕಿಕೊಂಡು ಬಂದ ದೇವರು ನೀನೇ ಎಂದು ಅಲ್ಲಿ ಹೇಳುವುದಾದರೆ, ದಾರಿಯುದ್ದಕ್ಕೂ ಒಬ್ಬರ ಮಾತನ್ನೇ ಏಕೆ ಕೇಳಬೇಕು? ಎಲ್ಲರೂ ಸ್ವಾಮಿಗಳಾದ ಮೇಲೆ ಗುರುಸ್ವಾಮಿ ಯಾರಿಗೆ ಗುರು?

ಉತ್ತರ ಗ್ರಂಥಕ್ಕಿಂತ ಇರುಮುಡಿ ಕಟ್ಟುವ ದಿನ ಚೆನ್ನಾಗಿ ಸಿಗುತ್ತದೆ. ನಾರು ಹೆರೆದು ನುಣುಪು ಮಾಡಿದ ತೆಂಗಿನಕಾಯಿಯ ಒಂದು ಕಣ್ಣು ಕೊರೆದು, ನೀರು ಬಸಿದು, ಕರಗಿಸಿದ ತುಪ್ಪವನ್ನು ವ್ರತಧಾರಿಯ ಕೈಯಿಂದಲೇ ತುಂಬಿಸಿ ಬಿರಡೆ ಹಾಕಿ ಮುಚ್ಚುತ್ತಾರೆ. ಎರಡು ಗಂಟಿನ ಚೀಲದ ಮುಂಭಾಗಕ್ಕೆ ಈ ತುಪ್ಪದ ಕಾಯಿ ಮತ್ತು ಪೂಜಾಸಾಮಗ್ರಿ. ಹಿಂಭಾಗಕ್ಕೆ ದಾರಿಯ ಬುತ್ತಿ. ಮನೆಯವರು ಒಬ್ಬೊಬ್ಬರಾಗಿ ಹಿಡಿ ಅಕ್ಕಿ ಹಾಕುತ್ತಾರೆ. ಗಂಟು ಬಿಗಿದು ತಲೆಯ ಮೇಲೆ ಇಡುವವರು ಗುರುಸ್ವಾಮಿ. ದಾರಿಯಲ್ಲಿ ದಣಿವಾದರೆ ಕನ್ನಿಸ್ವಾಮಿ, ಅಂದರೆ ಮೊದಲ ಸಲ ಹೊರಟವನು, ಗಂಟನ್ನು ತಾನೇ ಇಳಿಸುವ ಹಾಗಿಲ್ಲ. ಗುರುಸ್ವಾಮಿಯೋ ಹಿರಿಯ ಸ್ವಾಮಿಯೋ ಇಳಿಸಿ, ಮತ್ತೆ ಹೊರಿಸಬೇಕು. ಸನ್ನಿಧಾನದಲ್ಲಿ ಕಾಯಿ ಒಡೆದು ತುಪ್ಪವನ್ನು ಅಭಿಷೇಕಕ್ಕೆ ಕೊಟ್ಟು, ಹೋಳನ್ನು ಬೆಂಕಿಗೆ ಹಾಕುತ್ತಾರೆ. ತುಪ್ಪ ಜೀವಾತ್ಮ, ಚಿಪ್ಪು ದೇಹ ಎಂಬ ವಿವರಣೆ ಭಕ್ತರಲ್ಲಿ ಬಳಕೆಯಲ್ಲಿದೆ.

ಈ ವಿಧಿಯಲ್ಲಿ ಗುರುಸ್ವಾಮಿಯ ಅಧಿಕಾರ ಎಷ್ಟೆಂಬುದು ಸ್ಪಷ್ಟ. ಅವರು ಹೊರಿಸಬಹುದು, ಇಳಿಸಬಹುದು, ಹೊರುವವರು ಅವರಲ್ಲ. ಅವರ ತಲೆಯ ಮೇಲಿರುವುದು ಅವರ ಇರುಮುಡಿ ಮಾತ್ರ, ಅದನ್ನೂ ಇನ್ನೊಬ್ಬರೇ ಎತ್ತಿಕೊಡಬೇಕು. ಯಾತ್ರೆ ಮುಗಿದು ಮಾಲೆ ತೆಗೆದ ದಿನ ಆಜ್ಞೆಯೂ ಮುಗಿಯಿತು. ಮುಂದಿನ ವೃಶ್ಚಿಕದಲ್ಲಿ ಶಿಷ್ಯರು ಮತ್ತೆ ಬಂದು ಕತ್ತು ಬಾಗಿಸಿದರಷ್ಟೇ ಅವರು ಮತ್ತೆ ಗುರು.

ಮಠದ ಪದ್ಧತಿಯೇ ಬೇರೆ. ಶಿವಮೊಗ್ಗದಿಂದ ಹೆಚ್ಚು ದೂರವಿಲ್ಲದ ಕೂಡಲಿಯಲ್ಲಿ, ತುಂಗೆ ಭದ್ರೆ ಸೇರುವಲ್ಲಿ, ಕೂಡಲಿ ಶೃಂಗೇರಿ ಮಠವೂ ಮಾಧ್ವರ ಆರ್ಯ ಅಕ್ಷೋಭ್ಯತೀರ್ಥ ಮಠವೂ ಇವೆ. ಅಂಥ ಪರಂಪರೆಗಳಲ್ಲಿ ಗುರು ಶಿಷ್ಯನಿಗೆ ಸನ್ಯಾಸ ಕೊಟ್ಟು, ಉತ್ತರಾಧಿಕಾರಿ ಎಂದು ಸಾರಿ, ಪಟ್ಟ ಕಟ್ಟುತ್ತಾರೆ. ಯತಿಯ ನಂತರ ಯತಿ ಎಂಬ ಪಟ್ಟಿ ಇರುತ್ತದೆ. ಸ್ವಾಮಿಗಳು ಬದಲಾದರೂ ಪೀಠ ಉಳಿಯುತ್ತದೆ. ಪೀಠ ಗಟ್ಟಿಯಾಗಿರುವುದರಿಂದಲೇ ಮಠದ ಜಗಳ ನ್ಯಾಯಾಲಯಕ್ಕೆ ಹೋಗುತ್ತದೆ ಎಂಬುದೂ ನಿಜ. ಮಾಲಾಧಾರಿಗಳಲ್ಲಿ ಹಿಡಿದುಕೊಳ್ಳಲು ಪೀಠವೇ ಇಲ್ಲ.

ಹಾಗಾದರೆ ಇಲ್ಲಿ ಅರ್ಹತೆ ಯಾವುದು? ರೂಢಿಯ ಅಳತೆ ಯಾತ್ರೆಗಳ ಲೆಕ್ಕ. ಮೊದಲ ವರ್ಷ ಶಬರಿಮಲೆ ದಾರಿಯ ಶರಂಕುತ್ತಿಯಲ್ಲಿ ಬಾಣ ನೆಡುವವನು 18ನೆಯ ವರ್ಷ ಸನ್ನಿಧಾನದಲ್ಲಿ ತೆಂಗಿನ ಸಸಿ ನೆಡುತ್ತಾನೆ. ಆ ಬಳಿಕ ಜನ ಅವನನ್ನು ಗುರುಸ್ವಾಮಿ ಎನ್ನಲು ಹಿಂಜರಿಯುವುದಿಲ್ಲ. ತಮಿಳು ನಟ ಎಂ.ಎನ್. ನಂಬಿಯಾರ್ ‘ಮಹಾಗುರುಸ್ವಾಮಿ’ ಎನಿಸಿಕೊಂಡದ್ದು ಅರವತ್ತಕ್ಕೂ ಹೆಚ್ಚು ಸಲ ಮಲೆ ಹತ್ತಿದ್ದರಿಂದ. ಆದರೆ ಲೆಕ್ಕ ಹೇಳುವುದು ಅನುಭವವನ್ನು, ಸಂಯಮವನ್ನಲ್ಲ. ಎರುಮೇಲಿಯಿಂದ ಕರಿಮಲೆ ದಾಟುವ ದೊಡ್ಡಪಾದದ ಕಾಡುದಾರಿಯಲ್ಲಿ ಹಿಂದೆ ಬಿದ್ದವನಿಗಾಗಿ ನಿಲ್ಲುವ ತಾಳ್ಮೆ ಹದಿನೆಂಟನೆಯ ವರ್ಷದ ಸಸಿ ನೆಟ್ಟರೂ ಕೆಲವರಿಗೆ ಬರುವುದಿಲ್ಲ.

ಗುರು ಇರುವಾಗಲೇ ಆಗುವ ಬದಲಾವಣೆ ಎಲ್ಲಕ್ಕಿಂತ ಸಲೀಸು. ಮೊಣಕಾಲು ಸೋತ ಗುರುಸ್ವಾಮಿ ಮೊದಲು ಭಜನೆಯ ಶರಣುಘೋಷವನ್ನು, ಆಮೇಲೆ ಮೆಟ್ಟಿಲುಗಳಿಗೆ ಮಾಡುವ ಪಡಿಪೂಜೆಯನ್ನು, ಕೊನೆಗೆ ಕನ್ನಿಸ್ವಾಮಿಗಳ ಇರುಮುಡಿ ಕಟ್ಟುವುದನ್ನು ಒಬ್ಬ ಹಿರಿಯ ಸ್ವಾಮಿಗೆ ಬಿಡುತ್ತಾ ಬರುತ್ತಾರೆ. ಘೋಷಣೆ ಬೇಕಿಲ್ಲ, ತಂಡ ನೋಡಿರುತ್ತದೆ. ಗುರು ಇದ್ದಕ್ಕಿದ್ದಂತೆ ಹೋದಾಗ ಮಾತ್ರ ಲೆಕ್ಕ, ವಯಸ್ಸು, ನೆಂಟಸ್ತಿಕೆ ಎಲ್ಲವೂ ವಾದಕ್ಕೆ ಬರುತ್ತವೆ. ಇವುಗಳಲ್ಲಿ ಮಗನ ಹಕ್ಕು ತೀರಾ ದುರ್ಬಲ. ವ್ರತದ ಕಾಲದಲ್ಲಿ ಅಪ್ಪನೂ ಮಗನೂ ಒಬ್ಬರಿಗೊಬ್ಬರು ಸ್ವಾಮಿ ಎನ್ನುವ ಕಡೆ ರಕ್ತಸಂಬಂಧಕ್ಕೆ ಬೆಲೆ ಕಟ್ಟುವುದು ವ್ರತಕ್ಕೇ ವಿರುದ್ಧ. ಒಮ್ಮತ ಆಗದಿದ್ದರೆ ತಂಡ ಎರಡಾಗುತ್ತದೆ. ಹಿರಿಯರು ಇದಕ್ಕೆ ನೊಂದುಕೊಂಡರೂ ತತ್ತ್ವದ ದೃಷ್ಟಿಯಿಂದ ಅದು ಹಾನಿಯಲ್ಲ, ಏಕೆಂದರೆ ಒಡೆಯಲು ಅಲ್ಲಿ ಮಠವೇ ಇರಲಿಲ್ಲ.

ಸುಪ್ರೀಂ ಕೋರ್ಟ್ ಕೂಡ ಈ ಸಡಿಲತೆಯನ್ನು ಗಮನಿಸಿತು. 10ರಿಂದ 50 ವರ್ಷದ ಮಹಿಳೆಯರ ಶಬರಿಮಲೆ ಪ್ರವೇಶದ ಮೊಕದ್ದಮೆಯಲ್ಲಿ 2018ರ ಸೆಪ್ಟೆಂಬರ್ 28ರಂದು 4–1ರ ಬಹುಮತದ ತೀರ್ಪು, ಅಯ್ಯಪ್ಪ ಭಕ್ತರು ಪ್ರತ್ಯೇಕ ಧಾರ್ಮಿಕ ಪಂಗಡವಲ್ಲ ಎಂದಿತು. ಭಿನ್ನಮತ ಬರೆದ ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಇದನ್ನು ಒಪ್ಪಲಿಲ್ಲ. 2019ರಲ್ಲಿ ಈ ಮೊಕದ್ದಮೆಯ ಪ್ರಶ್ನೆಗಳು ದೊಡ್ಡ ನ್ಯಾಯಪೀಠದ ಮುಂದೆ ಹೋದವು. ಆ ವಾದ ಏನೇ ಇರಲಿ, ಗಂಡಸರ ವ್ರತ ಎನ್ನುವುದು ಅರ್ಧ ಮಾತು. ನಸುಕಿನಲ್ಲಿ ಎದ್ದು ಒಲೆ ಹಚ್ಚಿ, ಮಡಿಯಲ್ಲಿ ಅಡುಗೆ ಮಾಡಿ ಅಷ್ಟೂ ದಿನ ಸ್ವಾಮಿಯನ್ನು ನಡೆಸುವವಳು ಮನೆಯಾಕೆ. ಉತ್ತರಾಧಿಕಾರದ ಮಾತುಕತೆಯಲ್ಲಿ ಅವಳನ್ನು ಯಾರೂ ಕೇಳುವುದಿಲ್ಲ.

ನಿಜವಾದ ತೊಡಕು ಬರುವುದು ತಂಡ ಸಮಿತಿಯಾದಾಗ. ಅನ್ನಸಂತರ್ಪಣೆಗೆ ರಸೀದಿ ಪುಸ್ತಕ, ಶಾಮಿಯಾನ, ಬಸ್ಸಿನ ಮುಂಗಡ, ಬ್ಯಾಂಕ್ ಖಾತೆ, ಕೆಲವೆಡೆ ಜಾಗ ಸೇರಿದ ಮೇಲೆ ಗುರುತನದ ಜೊತೆ ಆಸ್ತಿಯೂ ಕೈ ಬದಲಾಯಿಸಬೇಕಾಗುತ್ತದೆ, ಮಠಕ್ಕಿರುವ ನಿಯಮ ಮಾತ್ರ ಇರುವುದಿಲ್ಲ. ವರ್ಷಕ್ಕೊಮ್ಮೆ ಶಿಷ್ಯರು ಕೊಡುವ ಅಧಿಕಾರವನ್ನು ಖಾತೆಯ ಸಹಿಯೊಂದಿಗೆ ಕಟ್ಟಿಹಾಕುವುದು ಎರಡಕ್ಕೂ ಒಳ್ಳೆಯದಲ್ಲ. ಹಣದ ಲೆಕ್ಕ ಸಮಿತಿಗೆ, ಮಾಲೆ ಮತ್ತು ಇರುಮುಡಿ ಗುರುಸ್ವಾಮಿಗೆ ಎಂದು ಮೊದಲೇ ಬೇರೆ ಮಾಡಿಕೊಳ್ಳುವುದೇ ಸರಿ.