ಮೊಳ ಹಾಕುವ ಕೈ ಯಾರದು?

ಪುಸ್ತಕ ಪ್ರಕಟಿಸಿ ಮಾರುವ ಒಂದು ಸಣ್ಣ ಸಂಸ್ಥೆಯ ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಪುಟಗಳನ್ನು ನೋಡಿಕೊಳ್ಳುವುದು ನನ್ನ ಕೆಲಸದ ಒಂದು ಪಾಲು. ನಾಲ್ಕು ಸಾಲು ಬರೆದು, ಮುಖಪುಟದ ಚಿತ್ರ ಸೇರಿಸಿ ಹಾಕಿಬಿಟ್ಟರೆ ಕೆಲಸ ಮುಗಿಯುವುದಿಲ್ಲ. ತಿಂಗಳ ಕೊನೆಗೆ ಒಂದು ಹಾಳೆ ತಯಾರಾಗಬೇಕು. ಯಾವ ಪೋಸ್ಟ್ ಎಷ್ಟು ಜನರನ್ನು ಮುಟ್ಟಿತು, ಎಷ್ಟು ಲೈಕು, ಎಷ್ಟು ಕಾಮೆಂಟು, ಎಷ್ಟು ಜನ ಹಂಚಿಕೊಂಡರು, ಎಷ್ಟು ಜನ ಆಮೇಲೆ ನೋಡೋಣವೆಂದು ಎತ್ತಿಟ್ಟುಕೊಂಡರು. ಹೆಚ್ಚು ಬಂದ ಸಾಲಿಗೆ ಹಸಿರು ಬಣ್ಣ, ಕಡಿಮೆ ಬಂದದ್ದಕ್ಕೆ ಕೆಂಪು. ಆ ಹಾಳೆಯನ್ನು ಎದುರಿಗಿಟ್ಟುಕೊಂಡು ಮುಂದಿನ ತಿಂಗಳು ಏನು ಹೇಳಬೇಕೆಂದು ಮಾತಾಡುತ್ತೇವೆ. ಏನು ಹೇಳಬೇಕು ಎನ್ನುವುದನ್ನು ಎಣಿಕೆಯಿಂದ ಕಲಿಯಬಹುದೇ, ಕಲಿತರೆ ನಾವು ಏನಾಗುತ್ತೇವೆ ಎಂಬ ಪ್ರಶ್ನೆ ಪ್ರತಿ ತಿಂಗಳೂ ಆ ಹಾಳೆಯ ಜೊತೆಗೇ ಬರುತ್ತದೆ.

ಮೊದಲು ಲೆಕ್ಕದ ಪರವಾಗಿಯೇ ಮಾತಾಡಬೇಕು. ಅಂಕಿಗಳನ್ನು ಹೀಗಳೆಯುವುದು ಸಾಹಿತ್ಯದ ವಲಯದಲ್ಲಿ ಸುಲಭವಾಗಿ ಅಂಟುವ ಚಟ. ಪತ್ರಿಕೆಯಲ್ಲಿ ಜಾಹೀರಾತು ಕೊಡುತ್ತಿದ್ದ ಕಾಲದಲ್ಲಿ ಅದನ್ನು ಯಾರು ಓದಿದರು, ಯಾರು ಪುಟ ಮಗುಚಿದರು ಎಂದು ತಿಳಿಯುವ ದಾರಿಯೇ ಇರಲಿಲ್ಲ. ಮನೆಯಲ್ಲೇ ಹಪ್ಪಳ, ಚಟ್ನಿಪುಡಿ ಮಾಡಿ ಮಾರುವ ಹೆಂಗಸಿಗೆ ಇವತ್ತು ತನ್ನ ಚಿತ್ರವನ್ನು ಯಾವ ಊರಿನವರು, ದಿನದ ಯಾವ ಹೊತ್ತಿನಲ್ಲಿ ನೋಡುತ್ತಾರೆಂದು ಗೊತ್ತಾಗುತ್ತದೆ. ಅದು ಸಣ್ಣ ಸಂಗತಿಯಲ್ಲ. ಅಂಕಿಗೆ ಇನ್ನೊಂದು ಗುಣವೂ ಇದೆ, ಅದು ಮುಖಸ್ತುತಿ ಮಾಡುವುದಿಲ್ಲ. ಮಾಲೀಕರು ಸನ್ಮಾನದ ಶಾಲು ಹೊದ್ದ ಚಿತ್ರವನ್ನು ಅವರ ನೆಂಟರು ಬಿಟ್ಟರೆ ಬೇರೆ ಯಾರೂ ನೋಡುವುದಿಲ್ಲ ಎಂಬ ಸತ್ಯವನ್ನು ನೌಕರನೊಬ್ಬ ಬಾಯಿಬಿಟ್ಟು ಹೇಳಲಾರ, ಹಾಳೆ ಹೇಳುತ್ತದೆ. ಪುಸ್ತಕದ ಬೆಲೆ ಎಷ್ಟು, ಎಲ್ಲಿ ಸಿಗುತ್ತದೆ ಎಂಬ ಮೂರು ಸಾಲಿನ ಸರಳ ಮಾಹಿತಿಗೆ, ರಾತ್ರಿಯೆಲ್ಲ ಕೂತು ಹೆಣೆದ ಕಾವ್ಯಮಯ ಪರಿಚಯಕ್ಕಿಂತ ಹೆಚ್ಚು ಓದುಗರಿದ್ದಾರೆ ಎಂಬುದನ್ನೂ ಅದೇ ಹೇಳುತ್ತದೆ.

ಆದರೆ ಅಳೆಯುವವರು ಯಾರು? ಮಾರುಕಟ್ಟೆಯಲ್ಲಿ ಮಲ್ಲಿಗೆ ಮಾರುವಾಕೆ ಮೊಳ ಹಾಕುವುದು ತನ್ನದೇ ಕೈಯಿಂದ. ಮೊಣಕೈಯಿಂದ ಬೆರಳ ತುದಿಯವರೆಗೆ. ಗಿಡ್ಡ ಕೈಯಾದರೆ ಮೊಳವೂ ಗಿಡ್ಡ. ಆದರೂ ಅಲ್ಲೊಂದು ನ್ಯಾಯವಿದೆ, ಆ ಕೈ ನಮ್ಮ ಕಣ್ಣೆದುರಿಗೇ ಇರುತ್ತದೆ. ‘ಸ್ವಲ್ಪ ನೋಡಿ ಹಾಕಮ್ಮ’ ಎನ್ನಬಹುದು, ಒಂದು ಗೇಣು ಕೊಸರು ಕೇಳಬಹುದು, ಮುಂದಿನ ಅಂಗಡಿಗೂ ಹೋಗಬಹುದು. ತರಕಾರಿಯವನ ತಕ್ಕಡಿಗಂತೂ 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯ ಪ್ರಕಾರ ಸರ್ಕಾರದ ಮುದ್ರೆ ಬೇಕು. ನಮ್ಮ ಹಾಳೆಗೆ ಬರುವ ಅಂಕಿಗಳ ಕಥೆ ಬೇರೆ. ಜಾಹೀರಾತಿನ ಜಾಗ ಮಾರುವವರೂ ಅವರೇ, ಆ ಜಾಗಕ್ಕೆ ಎಷ್ಟು ಕಣ್ಣು ಬಿದ್ದವೆಂದು ಎಣಿಸಿ ಹೇಳುವವರೂ ಅವರೇ.

ಇದು ಬರೀ ಅನುಮಾನವಲ್ಲ. 2016ರ ಸೆಪ್ಟೆಂಬರಿನಲ್ಲಿ ಫೇಸ್‌ಬುಕ್ ಒಂದು ವಿಷಯವನ್ನು ಒಪ್ಪಿಕೊಂಡಿತು. ಒಂದು ವಿಡಿಯೊವನ್ನು ಜನ ಸರಾಸರಿ ಎಷ್ಟು ಹೊತ್ತು ನೋಡಿದರು ಎಂದು ಅದು ಜಾಹೀರಾತುದಾರರಿಗೆ ತೋರಿಸುತ್ತಿತ್ತು. ಒಟ್ಟು ನೋಡಿದ ಹೊತ್ತನ್ನು ನೋಡಿದ ಎಲ್ಲರ ಸಂಖ್ಯೆಯಿಂದ ಭಾಗಿಸಬೇಕಿತ್ತು. ಅದರ ಬದಲು ಕನಿಷ್ಠ 3 ಸೆಕೆಂಡು ನೋಡಿದವರ ಸಂಖ್ಯೆಯಿಂದ ಮಾತ್ರ ಭಾಗಿಸಲಾಗಿತ್ತು. ಒಂದು ಕ್ಷಣ ನೋಡಿ ಹೆಬ್ಬೆರಳು ಸರಿಸಿದವರೆಲ್ಲ ಲೆಕ್ಕದ ಹೊರಗೆ ಉಳಿದರು, ಸರಾಸರಿ ಉಬ್ಬಿತು. ಎರಡು ವರ್ಷ ಹೀಗೇ ನಡೆದಿತ್ತು. ಶೇ. 60ರಿಂದ 80ರಷ್ಟು ಹೆಚ್ಚಾಗಿ ತೋರಿಸಿರಬಹುದೆಂದು ಸಂಸ್ಥೆ ಒಂದು ದೊಡ್ಡ ಜಾಹೀರಾತು ಬಳಗಕ್ಕೆ ತಿಳಿಸಿತು. ಜಾಹೀರಾತುದಾರರು ಅಮೆರಿಕದಲ್ಲಿ ಮೊಕದ್ದಮೆ ಹೂಡಿದರು. 2019ರಲ್ಲಿ, ತಪ್ಪೊಪ್ಪಿಕೊಳ್ಳದೆಯೇ, 4 ಕೋಟಿ ಡಾಲರಿಗೆ ಅದು ಇತ್ಯರ್ಥವಾಯಿತು. ಈ ನಡುವೆ ಹೊರಗಿನವರ ತಪಾಸಣೆಗೂ ಫೇಸ್‌ಬುಕ್ ಒಪ್ಪಿತು. ಹಣದ ಮಾತು ಅಲ್ಲಿಗೆ ಮುಗಿಯಿತು ಎನ್ನೋಣ. ಆದರೆ ಆ ವರ್ಷಗಳಲ್ಲಿ ‘ಇನ್ನು ಜನ ಓದುವುದಿಲ್ಲ, ವಿಡಿಯೊ ಮಾತ್ರ ನೋಡುತ್ತಾರೆ’ ಎಂದು ನಂಬಿ ಅಮೆರಿಕದ ಹಲವು ಸುದ್ದಿಸಂಸ್ಥೆಗಳು ಬರೆಯುವವರನ್ನು ಮನೆಗೆ ಕಳಿಸಿ ವಿಡಿಯೊ ತಂಡಗಳನ್ನು ಕಟ್ಟಿದವು. ಆ ನಂಬಿಕೆಗೆ ಈ ತಪ್ಪು ಅಂಕಿಯೊಂದೇ ಕಾರಣ ಎನ್ನಲಾಗದು, ಅದರ ಪಾಲೇ ಇರಲಿಲ್ಲ ಎನ್ನುವುದೂ ಕಷ್ಟ.

ಅಂಕಿ ಸರಿಯಿದ್ದಾಗಲೂ ಅದು ಹೇಳುವ ಮಾತು ಒಂದೇ ಆಗಿರುವುದಿಲ್ಲ. ಒಂದು ಲೆಕ್ಕ ಊಹಿಸಿಕೊಳ್ಳಿ. ಪುಟಕ್ಕೆ 10,000 ಹಿಂಬಾಲಕರು. ಒಂದು ಪೋಸ್ಟನ್ನು 800 ಜನರಿಗೆ ತೋರಿಸಲಾಯಿತು, 80 ಜನ ಸ್ಪಂದಿಸಿದರು. 80ನ್ನು 800ರಿಂದ ಭಾಗಿಸಿದರೆ ಶೇ. 10, ಭೇಷ್ ಎನ್ನಬಹುದು. 10,000ದಿಂದ ಭಾಗಿಸಿದರೆ ಶೇ. 0.8, ಮುಖ ಬಾಡುತ್ತದೆ. ಎರಡಕ್ಕೂ ಇರುವ ಹೆಸರು ಒಂದೇ, ಎಂಗೇಜ್‌ಮೆಂಟ್ ದರ. ಸಂಬಳ ಹೆಚ್ಚಿಸಿ ಎಂದು ಕೇಳುವ ತಿಂಗಳಲ್ಲಿ ಯಾವ ಭಾಜಕವನ್ನು ಬಳಸಬೇಕೆಂದು ಈ ಕಸುಬಿನ ಎಲ್ಲರಿಗೂ ಗೊತ್ತು. ಆ 800 ಜನರನ್ನು ಆರಿಸಿದ್ದು ಯಾರು ಎಂಬ ಪ್ರಶ್ನೆಗೆ ಮಾತ್ರ ಹಾಳೆಯಲ್ಲಿ ಜಾಗವಿಲ್ಲ.

ನಮ್ಮ ಕಡೆ ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಕೊಳಗಕ್ಕೆ ‘ಒಂದು’ ಎನ್ನದೆ ‘ಲಾಭ’ ಎನ್ನುವ ರೂಢಿಯಿತ್ತು. ಆಮೇಲೆ ಎರಡು, ಮೂರು. ನನಗೆ ಆ ರೂಢಿಯಲ್ಲಿ ಇಷ್ಟವಾಗುವುದು ಅದರ ಭಕ್ತಿಗಿಂತ ಹೆಚ್ಚಾಗಿ ಅದರ ಸಮಯ. ಅಲ್ಲಿ ಅಳತೆ ನಡೆಯುವುದು ಬೆಳೆ ಬಂದ ಮೇಲೆ. ಎಷ್ಟು ಕೊಳಗವಾಯಿತೆಂದು ಕೇಳಿಸಿಕೊಂಡು ಜೋಳ ತನ್ನ ಸ್ವಭಾವ ಬದಲಿಸುವುದಿಲ್ಲ. ಮನುಷ್ಯ ಬದಲಿಸುತ್ತಾನೆ. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ಬಗ್ಗೆ ಬರೆಯುವಾಗ ಇದನ್ನು ಗುರುತಿಸಿದ್ದ. ಒಂದು ಅಂಕಿಯನ್ನು ಹಿಡಿದು ಜನರನ್ನು ನಿಯಂತ್ರಿಸಲು ಹೊರಟರೆ, ಆ ಅಂಕಿ ಅದುವರೆಗೆ ತೋರಿಸುತ್ತಿದ್ದುದನ್ನು ತೋರಿಸುವುದು ನಿಲ್ಲಿಸುತ್ತದೆ. ಮಾನವಶಾಸ್ತ್ರಜ್ಞೆ ಮೆರಿಲಿನ್ ಸ್ಟ್ರಾಥರ್ನ್ 1997ರಲ್ಲಿ ವಿಶ್ವವಿದ್ಯಾಲಯಗಳ ಮೌಲ್ಯಮಾಪನದ ಕುರಿತು ಬರೆಯುತ್ತ ಅದನ್ನೇ ಸರಳಗೊಳಿಸಿದಳು: ಅಳತೆಯೇ ಗುರಿಯಾದರೆ ಅದು ಅಳತೆಯಾಗಿ ಕೆಡುತ್ತದೆ ಎಂದು. ಪರೀಕ್ಷೆಗೆಂದೇ ಗೈಡು ಓದಿದ ಯಾವ ವಿದ್ಯಾರ್ಥಿಗೂ ಇದನ್ನು ವಿವರಿಸಿ ಹೇಳಬೇಕಿಲ್ಲ.

ನನಗೆ ಗುಡ್‌ಹಾರ್ಟನ ಮಾತು ಅರ್ಧವೇ ಸಾಕೆನಿಸುತ್ತದೆ. ಅಳತೆ ಕೆಡುತ್ತದೆ, ಸರಿ. ಅಳೆಸಿಕೊಂಡವರು ಏನಾಗುತ್ತಾರೆ? ಫೇಸ್‌ಬುಕ್ 2017ರಲ್ಲಿ ಮುಖಭಾವದ ಚಿಹ್ನೆಗಳಿಗೆ, ಅಂದರೆ ಪ್ರೀತಿ, ನಗು, ಅಚ್ಚರಿ, ದುಃಖ, ಸಿಟ್ಟು ಇವಕ್ಕೆಲ್ಲ, ಒಂದು ಲೈಕಿನ ಐದು ಪಟ್ಟು ತೂಕ ಕೊಟ್ಟಿತ್ತು ಎಂಬುದು 2021ರಲ್ಲಿ ಅದರ ಒಳಗಿನ ಕಾಗದಗಳು ಹೊರಬಂದಾಗ ತಿಳಿಯಿತು. ಸಿಟ್ಟಿನ ಚಿಹ್ನೆ ಹೆಚ್ಚು ಬೀಳುವ ಬರಹಗಳಲ್ಲಿ ಸುಳ್ಳು, ನಂಜು ಹೆಚ್ಚಿರುವ ಸಾಧ್ಯತೆಯಿದೆ ಎಂದು ಅವರದೇ ಸಂಶೋಧಕರು ಕಂಡುಕೊಂಡಿದ್ದರು. 2020ರಲ್ಲಿ ಸಿಟ್ಟಿನ ತೂಕವನ್ನು ಸೊನ್ನೆಗಿಳಿಸಿದರು. ಆ ಮೂರು ವರ್ಷ ಯಾರೂ ಯಾರಿಗೂ ‘ಜನರನ್ನು ಸಿಟ್ಟಿಗೆಬ್ಬಿಸಿ’ ಎಂದು ಹೇಳಬೇಕಿರಲಿಲ್ಲ. ಹಸಿರು ಸಾಲುಗಳನ್ನು ನೋಡಿ, ಅಂಥದ್ದನ್ನೇ ಇನ್ನೊಂದು ಬರೆದರೆ ಸಾಕಿತ್ತು. ಬರೆದವನಿಗೆ ತಾನು ಬದಲಾಗಿದ್ದೇನೆಂದು ತಿಳಿಯುವ ಸಂದರ್ಭವೂ ಬರುವುದಿಲ್ಲ, ಜನರಿಗೆ ಬೇಕಾದದ್ದನ್ನು ಕೊಡುತ್ತಿದ್ದೇನೆ ಎಂದೇ ಅವನು ಪ್ರಾಮಾಣಿಕವಾಗಿ ನಂಬಿರುತ್ತಾನೆ.

ಪುಸ್ತಕದ ವ್ಯಾಪಾರದಲ್ಲಿ ಸಿಟ್ಟಿಗೆ ಅಂಥ ಬೆಲೆಯಿಲ್ಲ. ಇಲ್ಲಿ ಹಸಿರು ಬಣ್ಣ ತರುವುದು ಸಾವು.

ಲೇಖಕರೊಬ್ಬರು ತೀರಿಕೊಂಡ ದಿನ ಹಾಕುವ ಶ್ರದ್ಧಾಂಜಲಿ, ಆ ತಿಂಗಳ ಬೇರೆಲ್ಲ ಪೋಸ್ಟುಗಳನ್ನು ಹಿಂದೆ ಹಾಕುತ್ತದೆ. ಕಪ್ಪುಬಿಳುಪು ಭಾವಚಿತ್ರ, ಹುಟ್ಟಿದ ವರ್ಷ, ಹೋದ ವರ್ಷ, ಎರಡು ಸಾಲು. ಕೈಮುಗಿದ ಚಿಹ್ನೆಗಳು ಒಂದರ ಹಿಂದೊಂದು ಬೀಳುತ್ತವೆ. ಆ ಲೇಖಕರು ಬದುಕಿದ್ದಾಗ ಬಂದ ಅವರ ಕೊನೆಯ ಪುಸ್ತಕದ ಪೋಸ್ಟ್ ಅದೇ ಹಾಳೆಯ ಹಿಂದಿನ ತಿಂಗಳಲ್ಲಿ ಕೆಂಪಾಗಿ ಕೂತಿರುತ್ತದೆ. ತಿಂಗಳ ಕೊನೆಗೆ ‘ಅತ್ಯುತ್ತಮ ಸಾಧನೆ ತೋರಿದ ಪೋಸ್ಟ್’ ಎಂಬ ತಲೆಬರಹದ ಕೆಳಗೆ ಒಬ್ಬ ಮನುಷ್ಯನ ಮರಣವಾರ್ತೆಯನ್ನು ಟೈಪು ಮಾಡಬೇಕಾಗುತ್ತದೆ. ಒಮ್ಮೆ ಸಭೆಯಲ್ಲಿ ಕಿರಿಯ ಸಹೋದ್ಯೋಗಿಯೊಬ್ಬಳು ಸಹಜವಾಗಿ ಹೇಳಿದಳು, ‘ಸರ್, ಈ ತರಹದ್ದು ಚೆನ್ನಾಗಿ ಹೋಗುತ್ತೆ, ಇಂಥವನ್ನೇ ಜಾಸ್ತಿ ಮಾಡೋಣ.’ ಹೇಳಿದ ಮೇಲೆ ತಾನು ಹೇಳಿದ್ದೇನೆಂದು ಹೊಳೆದು ಸುಮ್ಮನಾದಳು. ಅವಳದೇನೂ ತಪ್ಪಿರಲಿಲ್ಲ. ಹಾಳೆ ಕಲಿಸಿದ್ದನ್ನು ಅವಳು ಜೋರಾಗಿ ಓದಿದಳು, ಅಷ್ಟೆ.

ಪತ್ರಿಕೆಗಳೂ ಹಿರಿಯರ ಮರಣಲೇಖನಗಳನ್ನು ಮೊದಲೇ ಸಿದ್ಧಮಾಡಿ ಇಟ್ಟುಕೊಳ್ಳುತ್ತವಲ್ಲ ಎಂದು ಕೇಳಬಹುದು. ಇಟ್ಟುಕೊಳ್ಳುತ್ತವೆ, ಅದರಲ್ಲಿ ಕೇಡೇನೂ ಕಾಣುವುದಿಲ್ಲ. ಒಬ್ಬರ ಬಾಳನ್ನು ಗಡಿಬಿಡಿಯಲ್ಲಿ ತಪ್ಪುತಪ್ಪಾಗಿ ಬರೆಯಬಾರದೆಂಬ ಎಚ್ಚರವೂ ಅದರಲ್ಲಿದೆ. ನನ್ನ ತೊಡಕು ಬೇರೆ. ಸಾವಿನ ಸುದ್ದಿ ಬಂದ ಕೂಡಲೇ ಮೊದಲು ಹಾಕಿದವರಿಗೆ ಹೆಚ್ಚು ನೋಟ ಸಿಗುತ್ತದೆ ಎಂದು ಹಾಳೆ ಕಲಿಸಿದ ಮೇಲೆ, ಆ ಸುದ್ದಿ ಕೇಳಿದ ಮನಸ್ಸು ಮೊದಲು ಹೋಗುವುದು ಎಲ್ಲಿಗೆ? ‘ಅಯ್ಯೋ’ ಎನ್ನುವುದಕ್ಕೂ ‘ಒಳ್ಳೆಯ ಫೋಟೊ ಎಲ್ಲಿದೆ’ ಎನ್ನುವುದಕ್ಕೂ ನಡುವಿನ ಹೊತ್ತು ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತದೆ. ನಾನು ದುಃಖಿಸುವುದೇ ಇಲ್ಲ ಎಂದಲ್ಲ. ದುಃಖಕ್ಕೆ ಒಂದು ಉಪಯೋಗವಿದೆ ಎಂದು ಗೊತ್ತಿದ್ದೂ ದುಃಖಿಸಬೇಕಾಗಿದೆ.

ಇತ್ತ, ಎಣಿಕೆಗೆ ಸಿಗದ ಸಂಗತಿಗಳೂ ದಿನಾ ನಡೆಯುತ್ತವೆ. ಯಾರೋ ನಮ್ಮ ಪೋಸ್ಟಿನ ಸ್ಕ್ರೀನ್‌ಶಾಟ್ ತೆಗೆದು ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸುತ್ತಾರೆ. ಅಲ್ಲಿಂದ ಅದು ಇನ್ನೊಂದು ಗುಂಪಿಗೆ ಹೋಗುತ್ತದೆ. ಕೊನೆಗೆ ನಿವೃತ್ತ ಮೇಷ್ಟರೊಬ್ಬರು ಅಂಗಡಿಗೆ ಬಂದು, ಫೋನನ್ನು ದೂರ ಹಿಡಿದು, ‘ಇದು ಕೊಡಿಯಪ್ಪಾ’ ಎನ್ನುತ್ತಾರೆ. ಆ ಪುಸ್ತಕದ ಪೋಸ್ಟಿಗೆ ಹನ್ನೆರಡೋ ಹದಿಮೂರೋ ಲೈಕು ಬಂದಿರುತ್ತದೆ. ಲೈಕು ಒತ್ತಿದವರು ಕೊಳ್ಳುವುದಿಲ್ಲ, ಕೊಳ್ಳುವವರು ಲೈಕು ಒತ್ತುವುದಿಲ್ಲ ಎಂದು ನಿಯಮ ಮಾಡಲು ನಾನು ಸಿದ್ಧನಿಲ್ಲ, ಅದೂ ಇನ್ನೊಂದು ಬಗೆಯ ಸೋಮಾರಿ ಲೆಕ್ಕವಾದೀತು. ಗಲ್ಲಾಪೆಟ್ಟಿಗೆಯ ಪಕ್ಕ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ‘ಎಲ್ಲಿ ನೋಡಿ ಬಂದಿರಿ?’ ಎಂದು ಕೇಳಿ, ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇವೆ. ‘ಮಗಳು ಕಳಿಸಿದ್ದಳು’ ಎಂಬ ಉತ್ತರ ಬಹಳ ಸಲ ಬರುತ್ತದೆ. ಅದನ್ನು ಯಾವ ಅಂಕಣಕ್ಕೆ ಸೇರಿಸಬೇಕೆಂದು ನಾನು ತಲೆ ಕೆಡಿಸಿಕೊಂಡಿಲ್ಲ.

ಶ್ರದ್ಧಾಂಜಲಿಗಳನ್ನು ಲೆಕ್ಕದ ಹಾಳೆಯಿಂದ ತೆಗೆದುಬಿಡೋಣ ಎಂದು ಹೇಳಿದವನು ನಾನು. ಮಾಲೀಕರು ಒಪ್ಪಿದರು, ಆದರೆ ಒಂದು ಮಾತು ಕೇಳಿದರು. ‘ಲೆಕ್ಕ ಹಾಕದಿದ್ದರೆ ಹೋಯಿತು, ಸರಿ. ಅವರ ಪುಸ್ತಕ ಕೊಳ್ಳುವ ಕೊಂಡಿಯನ್ನು ಕೆಳಗೆ ಕೊಡುವುದೋ ಬೇಡವೋ?’ ಅದಕ್ಕೆ ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ. ಕೊಂಡಿ ಕೊಟ್ಟರೆ ಸಾವಿನ ಮನೆಯ ಮುಂದೆ ಅಂಗಡಿ ಹಾಕಿದಂತೆ. ಕೊಡದಿದ್ದರೆ, ಆ ದಿನವಾದರೂ ಅವರನ್ನು ಓದಬೇಕೆಂದು ಎದ್ದ ಒಬ್ಬ ವಿದ್ಯಾರ್ಥಿಗೆ ದಾರಿ ಮುಚ್ಚಿದಂತೆ. ಆ ಮನೆಗೆ ಸೇರಬೇಕಾದ ರಾಯಧನಕ್ಕೂ ಅಡ್ಡ ಬಂದಂತೆ. ಬದುಕಿದ್ದಾಗ ಅವರಿಗೆ ಬೇಕಾಗಿದ್ದುದೂ ಓದುಗರೇ ತಾನೆ?

ಈಗ ಶ್ರದ್ಧಾಂಜಲಿಯಲ್ಲಿ ಕೊಂಡಿ ಇರುವುದಿಲ್ಲ, ಕೆಲವು ದಿನ ಬಿಟ್ಟು ಅವರ ಪುಸ್ತಕಗಳ ಪಟ್ಟಿಯನ್ನು ಪ್ರತ್ಯೇಕವಾಗಿ ಹಾಕುತ್ತೇವೆ. ಎಷ್ಟು ದಿನ ಎನ್ನುವುದು ಇನ್ನೂ ತೀರ್ಮಾನವಾಗಿಲ್ಲ. ಹದಿಮೂರು ದಿನ ಕಳೆಯಲಿ ಎನ್ನುತ್ತಾರೆ ಮಾಲೀಕರು. ಅಷ್ಟು ಹೊತ್ತಿಗೆ ಜನ ಮರೆತಿರುತ್ತಾರೆ, ಮೂರು ದಿನ ಸಾಕು ಎನ್ನುತ್ತೇನೆ ನಾನು.